ಸ್ವಚ್ಛತಾ ನಾಯಕಿಯ ಸಂಜೆಯ ಸ್ನಾನ

ನನಗೆ ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಲು ಬರುವುದಿಲ್ಲ. ನಿಂತಲ್ಲಿಂದ ಹೆಬ್ಬೆರಳು ಕಾಣುವುದೇ ಕಷ್ಟ, ನಡುವೆ ಹೊಟ್ಟೆ ಅಡ್ಡ ಬರುತ್ತದೆ. ಇಂಥ ನನ್ನನ್ನು ಹಿಡಿದು ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ಒಳ್ಳೆಯ ಊಟ, ವ್ಯಾಯಾಮ, ಸ್ವಚ್ಛತೆ ಕಲಿಸಲು ಹಾಕಿದ್ದರು. ದೈಹಿಕ ಶಿಕ್ಷಕರು ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಉಳಿದವರಲ್ಲಿ ವಿಜ್ಞಾನ ಹೇಳುವವನು ನಾನೊಬ್ಬನೇ. ದೇಹವೆಂದರೆ ವಿಜ್ಞಾನ, ವಿಜ್ಞಾನವೆಂದರೆ ಈತ ಎಂದು ನಮ್ಮ ಮುಖ್ಯೋಪಾಧ್ಯಾಯಿನಿ ತೀರ್ಮಾನಿಸಿ, ಹೋದವರು ಬಿಟ್ಟುಹೋಗಿದ್ದ ಸೀಟಿಯನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. ಇನ್ನೊಬ್ಬರ ಎಂಜಲಿನ ಸೀಟಿ. ಅದನ್ನು ಮನೆಗೊಯ್ದು ತಿಕ್ಕಿ ತೊಳೆದದ್ದೇ ಸ್ವಚ್ಛತೆಯಲ್ಲಿ ನನ್ನ ಮೊದಲ ಪಾಠ.

ಮನೆ ಇರುವುದು ಚಳ್ಳಕೆರೆಯಲ್ಲಿ. ಅಬ್ಬಾನದು ಲಾರಿ ರಿಪೇರಿಯ ಶೆಡ್ಡು. ಮನೆಯೊಳಗೆ ಉರ್ದು, ಶೆಡ್ಡಿನಲ್ಲಿ ಕನ್ನಡ, ಲಾರಿ ಗಡಿಯಾಚೆಯದಾದರೆ ತೆಲುಗು. ಮೂರು ಭಾಷೆಯಲ್ಲೂ ಸರಾಗವಾಗಿ ಬೈಯಲು ಬರುತ್ತದೆ ಎಂಬುದೇ ನನಗೆ ಸಿಕ್ಕ ಪಿತ್ರಾರ್ಜಿತ. ಸೀಟಿ ನೋಡಿದ ಅಮ್ಮಿ, "ತೂ ಕಸರತ್ ಸಿಖಾತಾ?" ಎಂದು ಕೇಳಿದಳು. ಹೌದು, ನಾನೇ ಕಸರತ್ತು ಕಲಿಸುವವನು ಎಂದೆ. ಸೆರಗು ಬಾಯಿಗೊತ್ತಿಕೊಂಡು ಸಾಕಾಗುವಷ್ಟು ನಕ್ಕು, ಆಮೇಲೆ ಪಾಪ ಅನ್ನಿಸಿ ಇನ್ನೊಂದು ತುಂಡು ಕೋಳಿ ತಟ್ಟೆಗೆ ಹಾಕಿದಳು. ನಾನು ಬೇಡ ಎನ್ನಲಿಲ್ಲ. ಉಪದೇಶ ಮಾಡುವವನಿಗೂ ಶಕ್ತಿ ಬೇಕಲ್ಲ.

ಶಾಲೆ ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿಯದು. ಹೆಸರು ಹೇಳಿದರೆ ಊರವರು ನನ್ನ ಬೈಕಿನ ಗಾಳಿ ಬಿಡುತ್ತಾರೆ, ಬೇಡ. ಬೆಳಿಗ್ಗೆ ಬಳ್ಳಾರಿ ಕಡೆಯ ಬಸ್ಸು ಹತ್ತಿ ಬಿ.ಜಿ. ಕೆರೆಯಲ್ಲಿ ಇಳಿಯುತ್ತಿದ್ದೆ. ಅಲ್ಲಿ ಟೀ ಅಂಗಡಿಯ ಹಿಂದೆ ನಿಲ್ಲಿಸಿದ ಬೈಕು ಹತ್ತಿ ಬಂಡೆಗುಡ್ಡಗಳ ನಡುವೆ ಒಳಗೆ ಹೋಗಬೇಕು. ಶಾಲೆಯ ಈಚೆಗೆ ಊರು, ಆಚೆಗೆ ಹಟ್ಟಿ. ಹಟ್ಟಿ ಎಂದರೆ ದನ, ಕುರಿ ಸಾಕುವ ಒಂದೇ ಬಳಗದವರ ಮನೆಗಳು. ಸುತ್ತ ಮುಳ್ಳಿನ ಬೇಲಿ, ನಡುವೆ ಗುಡಿ, ಪಕ್ಕದಲ್ಲಿ ದೇವರ ಎತ್ತುಗಳು ಮಲಗುವ ರೊಪ್ಪ. ಯಾರೇ ಆಗಲಿ ಬೇಲಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನಮ್ಮ ಮಕ್ಕಳು ಎರಡೂ ಕಡೆಯಿಂದ ಬರುತ್ತಿದ್ದರು.

ಮೊದಲು ಕೈ ತೊಳೆಯುವ ಪಾಠ. ನಲ್ಲಿ ಬಿಟ್ಟುಕೊಂಡು, ಸೋಪು ಹಚ್ಚಿ, ಅಂಗೈ, ಹಿಂಗೈ, ಬೆರಳ ಸಂದು, ಉಗುರಿನ ಬುಡ ಎಂದು ಪುಸ್ತಕದಲ್ಲಿದ್ದ ಹಾಗೇ ನಿಧಾನವಾಗಿ ತೋರಿಸಿದೆ. ಆಮೇಲೆ ಮಕ್ಕಳೆಲ್ಲ ಸಾಲಾಗಿ ಬಂದು ನನ್ನಷ್ಟೇ ನಿಧಾನವಾಗಿ ತೊಳೆದರು. ಟ್ಯಾಂಕು ಖಾಲಿಯಾಯಿತು. ಬಿಸಿಯೂಟ ಮಾಡುವ ಅಮ್ಮ ಅಡುಗೆಮನೆಯಿಂದ ಪಾತ್ರೆ ಹಿಡಿದುಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಸಾರ್, ನೀವು ಕೈ ತೊಳ್ಕಂಡ್ರಿ, ಭಾಳ ಚೆನ್ನಾಗೈತೆ. ಈಗ ನಾನು ಅಕ್ಕಿ ಯಾತ್ರಾಗೆ ತೊಳೀಲಿ?"

ಅಂದಿನಿಂದ ಆ ಪಾಠವನ್ನು ಒಣ ಕೈಯಲ್ಲೇ ಮಾಡಿದೆ.

ವ್ಯಾಯಾಮದ ಕತೆ ಇನ್ನೂ ಹೀನಾಯ. ಹಟ್ಟಿಯ ಮಕ್ಕಳು ಬೆಳಗಾಗುವ ಮೊದಲೇ ಕುರಿಮರಿಗಳನ್ನು ಗುಡ್ಡಕ್ಕೆ ಹೊಡೆದು, ತಪ್ಪಿಸಿಕೊಂಡವನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು, ಆಮೇಲೆ ಶಾಲೆಗೆ ನಡೆದು ಬಂದಿರುತ್ತಿದ್ದರು. ಅವರನ್ನು ನಿಲ್ಲಿಸಿಕೊಂಡು ನಾನು ಸೀಟಿ ಊದಿ ಕೈ ಮೇಲೆ, ಕೈ ಕೆಳಗೆ ಎನ್ನುತ್ತಿದ್ದೆ. ಒಬ್ಬ ಕೇಳಿಯೇಬಿಟ್ಟ.

"ಸಾರ್, ಇದು ಯಾತಕ್ಕೆ?"

"ಮೈ ದಣೀಲಿ ಅಂತ."

"ದಣಿದೇ ಬಂದೀವಲ್ಲ ಸಾರ್."

ನಾನು ಸೀಟಿ ಊದಿದೆ. ಸೀಟಿ ಇರುವುದೇ ಅದಕ್ಕೆ. ಬಗ್ಗಿ ಕಾಲು ಮುಟ್ಟಿ ಎಂದಾಗ ಎಲ್ಲರೂ ಸಲೀಸಾಗಿ ಮುಟ್ಟಿ, ತಲೆ ಎತ್ತದೆ ತಮ್ಮ ಕಾಲ ಸಂದಿಯಿಂದಲೇ ನನ್ನನ್ನು ನೋಡುತ್ತಿದ್ದರು, ಈತ ಎಲ್ಲಿವರೆಗೆ ಬಗ್ಗುತ್ತಾನೆ ಎಂದು.

ಇನ್ನು ಊಟದ ಪಾಠ. ಬಣ್ಣದ ಚಾರ್ಟು ಗೋಡೆಗೆ ಅಂಟಿಸಿ, ಪೊಟ್ಟಣದ ಕುರುಕಲು ವಿಷ ಎಂದು ಮೇಜು ಗುದ್ದಿ ಹೇಳುತ್ತಿರುವಾಗ, ನನ್ನ ಚೀಲದೊಳಗಿಂದ ಚಳ್ಳಕೆರೆ ಬಸ್ ನಿಲ್ದಾಣದ ಮೆಣಸಿನಕಾಯಿ ಬಜ್ಜಿ ಘಮ್ಮೆನ್ನುತ್ತಿತ್ತು. ಮುಂದಿನ ಸಾಲಿನವರು ಮೂಗರಳಿಸಿದರು. ಇದು ಕರಿದದ್ದು ಹೌದು, ಆದರೆ ಪೊಟ್ಟಣದ್ದಲ್ಲ ಎಂದು ವಿಜ್ಞಾನ ಹೇಳಿದೆ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನುಂಗಿಸುವುದೂ ನನ್ನ ಪಾಲಿಗೇ ಬಂದಿತ್ತು. ಎಲ್ಲರೂ ನನ್ನೆದುರು ಬಾಯಿಗೆ ಹಾಕಿಕೊಂಡು, ಕಾಂಪೌಂಡಿನ ಹಿಂದೆ ಹೋಗಿ ಉಗುಳುತ್ತಿದ್ದರು. ಆ ಗೋಡೆಯ ಬುಡದಲ್ಲಿದ್ದ ಬೇವಿನ ಗಿಡವೊಂದು ಮಾತ್ರ ನಮ್ಮ ಶಾಲೆಯಲ್ಲಿ ರಕ್ತಪುಷ್ಟಿಯಾಗಿ ಬೆಳೆಯಿತು.

ಮಧ್ಯಾಹ್ನ ಅನ್ನ ಸಾರಿನ ಜೊತೆ ಬೇಯಿಸಿದ ಮೊಟ್ಟೆ ಕೊಡುತ್ತಿದ್ದೆವು, ಬೇಡವಾದವರಿಗೆ ಬಾಳೆಹಣ್ಣು. ಊರಿನ ಮಕ್ಕಳು ಮೊಟ್ಟೆಯ ಸಾಲು, ಹಟ್ಟಿಯ ಮಕ್ಕಳು ಹಣ್ಣಿನ ಸಾಲು. ಹಟ್ಟಿಯೊಳಗೆ ಕೋಳಿ ಕಾಲಿಡುವಂತಿಲ್ಲ, ಅವರ ದೇವರಿಗೆ ಆಗದು. ಕುರಿ ತಿನ್ನುತ್ತಾರೆ, ಕೋಳಿ ಮುಟ್ಟುವುದಿಲ್ಲ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ನಾನು ಹಂದಿ ಮುಟ್ಟದ ಮನೆಯಿಂದ ಬಂದವನು, ಇನ್ನೊಬ್ಬರ ತಟ್ಟೆಯಲ್ಲಿ ತರ್ಕ ಹುಡುಕಲು ಹೋಗಲಿಲ್ಲ. ಚಾರ್ಟಿನಲ್ಲಿ ಮೊಟ್ಟೆಯ ಚಿತ್ರ ಬಂದಾಗ ಊರಿನ ಮಕ್ಕಳ ಕಡೆ ತಿರುಗಿ ಹೇಳುತ್ತಿದ್ದೆ, ಬಾಳೆಹಣ್ಣು ಬಂದಾಗ ಹಟ್ಟಿಯ ಕಡೆಗೆ. ಎರಡೂ ಒಳ್ಳೆಯವೇ ಎಂದು ಇಬ್ಬರಿಗೂ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ.

ಹಟ್ಟಿಯವರ ಬಗ್ಗೆ ನನಗೆ ಒಂದು ವಿಷಯದಲ್ಲಿ ಭಾರೀ ಗೌರವವಿತ್ತು. ಸಂತೆಯ ದಿನ ಚಳ್ಳಕೆರೆಗೆ ಹೋದ ಗಂಡಸರು ಸಂಜೆ ವಾಪಸು ಬಂದರೆ, ಹಟ್ಟಿಯ ಹೊರಗಿನ ಬೋರಿನ ಹತ್ತಿರ ನಿಂತು ತಲೆಮೇಲೆ ನೀರು ಹುಯ್ದುಕೊಂಡೇ ಒಳಗೆ ಹೋಗುತ್ತಿದ್ದರು. ಎಂಥ ಚಳಿಯಿರಲಿ, ತಪ್ಪಿಸುತ್ತಿರಲಿಲ್ಲ. ಪಟ್ಟಣದ ಕೊಳೆ ಮನೆಗೆ ಬರಬಾರದು ಎಂಬ ಈ ಎಚ್ಚರ ನೋಡಿ ನಾನು ಬೆರಗಾಗಿದ್ದೆ. ಬಸ್ಸಿನಲ್ಲಿ ಜೊತೆಯಾಗುವ ಬೇರೆ ಶಾಲೆಯ ಮೇಷ್ಟ್ರುಗಳಿಗೆ, ಸ್ವಚ್ಛತೆ ಕಲಿಯಬೇಕಾದರೆ ನಮ್ಮ ಹಟ್ಟಿಗೆ ಬನ್ನಿ ಎಂದು ಭಾಷಣ ಮಾಡಿದ್ದೆ. ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದ್ದರು.

ಏಳನೇ ತರಗತಿಯಲ್ಲಿ ಹಟ್ಟಿಯ ಒಬ್ಬ ಹುಡುಗಿ ಇದ್ದಳು. ಕಡ್ಡಿಯಂಥ ಕಾಲು, ಮಾತು ಕಡಿಮೆ. ಅವಳ ಅಪ್ಪ, ಅವ್ವ ಕುರಿ ಹೊಡೆದುಕೊಂಡು ಮೇವಿದ್ದ ಕಡೆ ಹೋಗುತ್ತಿದ್ದರು. ಅವಳು ಹಟ್ಟಿಯಲ್ಲಿ ತಾತನ ಜೊತೆ. ತಾತ ಗುಡಿಯ ಪೂಜಾರಿ, ದೊಡ್ಡ ಮೀಸೆಯ ಯಜಮಾನ. ಆತ ಕೆಮ್ಮಿದರೆ ಹಟ್ಟಿಯ ನಾಯಿಗಳೂ ಬೊಗಳುವುದು ನಿಲ್ಲಿಸುತ್ತವೆ ಎಂದು ಮಕ್ಕಳು ಹೇಳುತ್ತಿದ್ದರು. ಈ ಹುಡುಗಿ ಓಡುತ್ತಿದ್ದಳು. ನಾನು ಕಲಿಸಿದ್ದಲ್ಲ, ಸತ್ಯವಾಗಿಯೂ ಅಲ್ಲ, ನನ್ನ ಪಾಲು ಸೀಟಿ ಊದಿದ್ದಷ್ಟೇ. ಹೋಬಳಿಯ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಆರುನೂರು ಮೀಟರ್ ಓಡಿ ಮೊದಲು ಬಂದಳು. ತಾಲ್ಲೂಕು ಕೂಟಕ್ಕೆ ಮೊಳಕಾಲ್ಮೂರಿಗೆ ಹೋಗಬೇಕಿತ್ತು. ಶಾಲೆಯಲ್ಲಿ ಅಂಥದ್ದು ನಡೆದು ಎಷ್ಟೋ ವರ್ಷವಾಗಿತ್ತು. ಮುಖ್ಯೋಪಾಧ್ಯಾಯಿನಿ ನನ್ನ ಬೆನ್ನು ತಟ್ಟಿದರು, ನಾನು ತಟ್ಟಿಸಿಕೊಂಡೆ.

ಅಷ್ಟರಲ್ಲಿ ಶಾಲೆಯ ಆರೋಗ್ಯ ತಪಾಸಣೆ ಬಂತು. ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಬೆರಳು ಚುಚ್ಚಿ ಪರೀಕ್ಷಿಸಿ, ರಕ್ತ ತೀರಾ ಕಡಿಮೆ ಇದೆ ಎಂದರು. ಮಾತ್ರೆ ತಪ್ಪದೆ ನುಂಗಿಸಿ, ಊಟ ಸುಧಾರಿಸಿ, ಕ್ರೀಡಾಕೂಟಕ್ಕೆ ಮುಂಚೆ ಮತ್ತೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಓಡಿಸಬೇಡಿ ಎಂದು ನನಗೆ ಹೇಳಿ ಹೋದರು. ಹುಡುಗಿ ನನ್ನ ಹತ್ತಿರ ಬಂದು ನಿಂತಳು.

"ರಕ್ತ ಆದ್ರೆ ಓಡಬಹುದಾ ಸಾರ್?"

"ಓಡಬಹುದು."

"ಯಾವುದು ತಿಂದ್ರೆ ಆಗ್ತೈತೆ?"

ನಾನು ಚಾರ್ಟಿನ ಮೇಲೆ ಬೆರಳಿಟ್ಟು ಉದ್ದಕ್ಕೆ ಹೇಳಿದೆ. ಸೊಪ್ಪು, ಕಾಳು, ರಾಗಿ, ಈಲಿ ಎಂದರೆ ಲಿವರ್, ಮೊಟ್ಟೆ. ಬೆರಳು ಮೊಟ್ಟೆಯ ಮೇಲೆ ನಿಂತಾಗ ಅವಳು ಹಟ್ಟಿಯವಳು ಎಂಬುದು ನೆನಪಾಗಿ ಬಾಳೆಹಣ್ಣಿಗೆ ಜಾರಿಸಿದೆ. ಮನೆಯಲ್ಲಿ ತಾತನಿಗೆ ಹೇಳು ಎಂದೆ. ಹ್ಞೂಂ ಎಂದಳು. ಮಾರನೆಯ ದಿನ ಕೇಳಿದಾಗ ಹೇಳಿದೆ ಎಂದಳು. ನಾನು ನಂಬಿದೆ.

ಅದು ಚಳಿಗಾಲ. ನಮ್ಮ ಕಡೆ ಬೇಸಿಗೆಯ ಬಿಸಿಲಿಗೆ ಹೆಸರಾದಷ್ಟು ಚಳಿಗೆ ಹೆಸರಿಲ್ಲ, ಆದರೆ ಬಂಡೆಗಳ ನಡುವೆ ಸಂಜೆ ಬೀಸುವ ಗಾಳಿ ಕಿವಿ ಕತ್ತರಿಸುತ್ತದೆ. ಆ ದಿನಗಳಲ್ಲಿ ನಾನೊಂದು ಗಮನಿಸಿದೆ. ಶಾಲೆ ಬಿಟ್ಟ ಮೇಲೆ ಆ ಹುಡುಗಿ ಬಕೆಟ್ಟು ತುಂಬಿಕೊಂಡು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ, ಸ್ನಾನ ಮಾಡಿ, ಒದ್ದೆ ಜಡೆ ಹಿಂಡಿಕೊಳ್ಳುತ್ತ ಹೊರಗೆ ಬರುತ್ತಿದ್ದಳು. ಆಮೇಲೆ ಹಟ್ಟಿಯ ದಾರಿಯಲ್ಲಿ ಓಟ. ಒಂದು ದಿನವಲ್ಲ, ದಿನವೂ. ಯಾಕಮ್ಮ ಎಂದು ಕೇಳಿದೆ.

"ಮೈ ಧೂಳಾಗಿತ್ತು ಸಾರ್."

ನನಗಾದ ಸಂತೋಷ ಹೇಳತೀರದು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾರೊಬ್ಬರೂ ನಾನು ಹೇಳಿದ್ದನ್ನು ಮಾಡಿದ್ದು ನೋಡಿರಲಿಲ್ಲ. ದ್ಯುತಿಸಂಶ್ಲೇಷಣೆ ಕಲಿಸಿದೆ, ಯಾರು ಮಾಡಿದರು? ಇಲ್ಲಿ ಒಬ್ಬಳು, ಬೆಳಿಗ್ಗೆ ಸಾಲದೆಂದು ಸಂಜೆಯೂ ಸ್ನಾನ ಮಾಡುತ್ತಿದ್ದಾಳೆ, ಅದೂ ತಣ್ಣೀರಿನಲ್ಲಿ! ಇದನ್ನು ಮುಚ್ಚಿಡುವುದು ಅನ್ಯಾಯ ಎಂದುಕೊಂಡೆ. ಚಳ್ಳಕೆರೆಯಲ್ಲಿ ಗಂಧದ ಸೋಪೊಂದನ್ನು ಕೊಂಡು ಬಣ್ಣದ ಕಾಗದದಲ್ಲಿ ಸುತ್ತಿಸಿದೆ. ಬೆಳಗಿನ ಪ್ರಾರ್ಥನೆ ಮುಗಿಯುತ್ತಲೇ ಮೈಕು ಕೈಗೆತ್ತಿಕೊಂಡೆ.

"ಮಕ್ಕಳೇ, ನಮ್ಮ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ದಿನವೂ ಸಂಜೆ, ಹಟ್ಟಿಗೆ ಹೋಗುವ ಮೊದಲು, ತಪ್ಪದೆ ತಲೆಗೆ ಸ್ನಾನ ಮಾಡಿಕೊಂಡು ಹೋಗುತ್ತಾಳೆ. ಇಂದಿನಿಂದ ಇವಳೇ ನಮ್ಮ ಸ್ವಚ್ಛತಾ ನಾಯಕಿ!"

ಊರಿನ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಹಟ್ಟಿಯ ಮಕ್ಕಳ ಕೈ ಎತ್ತಿದಲ್ಲೇ ನಿಂತವು. ಒಬ್ಬಳು ಬಾಯಿಗೆ ಅಂಗೈ ಒತ್ತಿಕೊಂಡಳು. ಸಣ್ಣವನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ, ಅದು ಸಾಲಿನ ಕೊನೆಯವರೆಗೂ ಹೋಯಿತು. ನಾಯಕಿ ಮುಂದೆ ಬಂದು ಸೋಪು ತೆಗೆದುಕೊಂಡಳು. ಅವಳ ಮುಖದಲ್ಲಿ, ಡಾಕ್ಟರಮ್ಮ ಹೇಳಿದ ಹಾಗೆ, ರಕ್ತವೇ ಇರಲಿಲ್ಲ. ಪಾಪ, ನಾಚಿಕೆ ಸ್ವಭಾವ ಎಂದುಕೊಂಡು ನಾನೂ ಇನ್ನೊಮ್ಮೆ ಚಪ್ಪಾಳೆ ತಟ್ಟಿದೆ. ಮೈಕು ಚೆನ್ನಾಗಿತ್ತು, ಹಟ್ಟಿಯವರೆಗೂ ಕೇಳುತ್ತಿತ್ತು.

ಅಡುಗೆಯಮ್ಮ ನನ್ನನ್ನು ಒಲೆಯ ಹತ್ತಿರ ಕರೆದು ಹಣೆ ಚಚ್ಚಿಕೊಂಡಳು.

"ಏನ್ ಕೆಲ್ಸ ಮಾಡಿದ್ರಿ ಸಾರ್! ಆ ಕೂಸು ದಿನಾ ನನ್ ಹತ್ರ ಬಂದು, ಒಳಗೆ ಕುಂತ್ಕಂಡು ಮೊಟ್ಟೆ ತಿಂತಿತ್ತು. ಕೋಳಿ ಮೊಟ್ಟೆ ತಿಂದೋರು ನೀರು ಹುಯ್ಕಣದೆ ಹಟ್ಟಿ ಒಳಗೆ ಹೋಗಂಗಿಲ್ಲ. ಅದ್ಕೇ ಹುಯ್ಕಂತಿತ್ತು. ನೀವು ಮೈಕಿನಾಗೆ ಹೇಳಿದ್ರಿ!"

ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟೆ. ಸಂತೆಯ ದಿನ ಬೋರಿನ ಹತ್ತಿರ ನೀರು ಹುಯ್ದುಕೊಳ್ಳುತ್ತಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಪಟ್ಟಣದ ಕೊಳೆಯೂ ಇಲ್ಲ, ಎಚ್ಚರವೂ ಇಲ್ಲ. ಅವರೆಲ್ಲ ಚಳ್ಳಕೆರೆಯಲ್ಲಿ ನಮ್ಮದೇ ಬೀದಿಯಲ್ಲಿ ಕೋಳಿ ಬಿರಿಯಾನಿ ಉಂಡು ಬಂದವರು. ಬಸ್ಸಿನ ಮೇಷ್ಟ್ರುಗಳು ಕಿಟಕಿಯ ಕಡೆ ಯಾಕೆ ತಿರುಗಿದ್ದರು ಎಂಬುದೂ ಈಗ ತಿಳಿಯಿತು. ನಗುತ್ತಿದ್ದರು, ದರಿದ್ರದವರು.

ಮಾರನೆಯ ದಿನ ಹುಡುಗಿ ಬರಲಿಲ್ಲ. ಹಟ್ಟಿಯ ಮಕ್ಕಳನ್ನು ಕೇಳಿದೆ. "ತಾತ ಬಿಡ್ಲಿಲ್ಲ ಸಾರ್" ಎಂದರು. ಡಾಕ್ಟರಮ್ಮ ಮತ್ತೆ ಬರುವ ದಿನ ಹತ್ತಿರವಾಗುತ್ತಿತ್ತು. ಅವಳು ಶಾಲೆಯಲ್ಲಿ ಇರದಿದ್ದರೆ ತಪಾಸಣೆಯಿಲ್ಲ, ತಪಾಸಣೆಯಿಲ್ಲದಿದ್ದರೆ ಓಟವಿಲ್ಲ. ಓಟ ಹಾಗಿರಲಿ, ಏಳನೇ ತರಗತಿಯ ಹೆಣ್ಣುಮಗುವನ್ನು ಒಮ್ಮೆ ಮನೆಯಲ್ಲಿ ಕೂರಿಸಿದರೆ ಮತ್ತೆ ಹೊರಗೆ ತರುವುದು ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ನೀವೇ ಹೋಗಿ ಸಾರ್," ಎಂದರು ಮುಖ್ಯೋಪಾಧ್ಯಾಯಿನಿ. "ಮೈಕಿನಲ್ಲಿ ಹೇಳಿದವರು ನೀವು."

ಊಟದ ನಂತರ ಹೊರಟೆ. ಗೇಟಿನ ಹತ್ತಿರ ಅಡುಗೆಯಮ್ಮ ತಡೆದಳು.

"ಸಾರ್, ಈಗ ಏನ್ ಉಂಡ್ರಿ?"

ನೆನಪಿಸಿಕೊಂಡೆ. ಅನ್ನ, ಸಾರು, ಮೊಟ್ಟೆ. ಒಂದಲ್ಲ, ಮಿಕ್ಕಿದ್ದವನ್ನೂ ಹಾಳಾಗಬಾರದೆಂದು ತಿಂದಿದ್ದೆ.

ಅವಳು ಬಕೆಟ್ಟು ತಂದು ನನ್ನ ಮುಂದೆ ಇಟ್ಟಳು.

ಶಾಲೆಯ ಹಿಂದೆ ಹೋಗಿ ಅಂಗಿ ಬಿಚ್ಚಿದೆ. ಗಾಳಿ ಬೀಸುತ್ತಿತ್ತು. ಮೊದಲ ಚೊಂಬು ತಲೆಯ ಮೇಲೆ ಬಿದ್ದಾಗ ಮೂರೂ ಭಾಷೆಯ ಬೈಗುಳ ಒಟ್ಟಿಗೆ ಬಾಯಿಗೆ ಬಂದವು. ಎರಡನೆಯದಕ್ಕೆ ಉಸಿರು ನಿಂತಿತು. ಹೊಟ್ಟೆಯ ಇಷ್ಟೊಂದು ಕೊಬ್ಬು ಚಳಿ ತಡೆಯುವುದಕ್ಕೂ ಬರುವುದಿಲ್ಲವೆಂದರೆ ಇದನ್ನು ಸಾಕಿದ್ದೇಕೆ ಎಂದು ಸಿಟ್ಟು ಬಂತು. ಹಲ್ಲು ಕಟಕಟ ಎನ್ನುವಾಗ ತಟ್ಟನೆ ಹೊಳೆಯಿತು, ನಡುಹಗಲಿನಲ್ಲೇ ಹೀಗಾದರೆ ಆ ಹುಡುಗಿ ಸಂಜೆಯ ಗಾಳಿಯಲ್ಲಿ ದಿನವೂ ಇದನ್ನೇ ಮಾಡಿದಳು. ಮೈಯಲ್ಲಿ ರಕ್ತವಿಲ್ಲದ ಹುಡುಗಿ. ಆಮೇಲೆ ನನಗೆ ಬೈಯಲು ಯಾವ ಭಾಷೆಯೂ ಬರಲಿಲ್ಲ.

ಹಟ್ಟಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ತಾತ ಗುಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಿ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೂದಲನ್ನು.

"ಉಂಡೇ ಬಂದೀರಿ ಅನ್ರಿ ಮೇಷ್ಟ್ರೇ."

"ಹೌದು ಯಜಮಾನ್ರೇ" ಎಂದೆ ನಡುಗುತ್ತ. ಆತ ಪಕ್ಕದಲ್ಲಿದ್ದ ಕಂಬಳಿಯನ್ನು ನನ್ನ ಕಡೆ ಎಸೆದ. ಹೊದ್ದುಕೊಂಡು ಕುಳಿತೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಭಾಷಣ ಶುರು ಮಾಡಿದೆ. ಬೆಳೆಯುವ ಮಕ್ಕಳು, ಪೌಷ್ಟಿಕಾಂಶ, ಕಾಲ ಬದಲಾಗಿದೆ, ಇತ್ಯಾದಿ. ಆತ ಹಗ್ಗ ಹಿಡಿದ ಕೈಯನ್ನೇ ಎತ್ತಿ ನಿಲ್ಲಿಸಿದ.

"ಮೊಟ್ಟೆ ಮಾತು ಬಿಡ್ರಿ. ತಿಂತು, ನೀರು ಹುಯ್ಕಂತು, ಬಂತು. ದೇವ್ರಿಗೆ ಅದ್ರಾಗೆ ಏನೂ ತಕರಾರಿಲ್ಲ. ಹಟ್ಟ್ಯಾಗೆ ನಾಲ್ಕು ಜನ ಬಂದು, ಪೂಜಾರಿ ಮನೆ ಹುಡುಗಿ ಹಿಂಗಾ ಅಂದ್ರು. ನಿಮ್ ಗಂಡುಮಕ್ಳು ಸಂತೆ ದಿನ ಎಲ್ಲಿ ಉಣ್ತಾವೆ, ನಾನೂ ಹೇಳ್ಲೇನು ಅಂದೆ. ಬಾಯಿ ಮುಚ್ಕಂಡು ಹೋದ್ರು. ಈ ಬಾಗಿಲಾಗೆ ಒದ್ದೆ ತಲೆ ಕಂಡ್ರೆ ಸಾಕು, ಯಾವನು ಯಾವ ಅಂಗಡ್ಯಾಗೆ ಉಂಡ ಅಂತ ಹೇಳ್ತೀನಿ. ಈ ಕೂಸಿಂದು ಮಾತ್ರ ತಿಳೀಲಿಲ್ಲ ನೋಡ್ರಿ. ಓಡಿ ಬೆವತು ಬಂದೈತೆ ಅಂದ್ಕಂಡಿದ್ದೆ."

"ಮತ್ತೆ ಯಾಕೆ ಶಾಲೆಗೆ ಕಳಿಸಲಿಲ್ಲ?"

"ಯಾಕೆ ತಿಂದೆ ಅಂತ ಕೇಳ್ದೆ. ಹೇಳ್ಲಿಲ್ಲ. ಹೇಳೋ ತನ್ಕ ಕಳ್ಸಲ್ಲ ಅಂದೆ. ನಿನ್ನೆಯಿಂದ ಬಾಯಿ ಬಿಟ್ಟಿಲ್ಲ. ನನ್ ಮೊಮ್ಮಗಳು ಅಲ್ವೇನ್ರಿ, ನನ್ನಂಗೇ ಐತೆ. ಬಾಯಿ ಚಪಲಕ್ಕೆ ತಿಂದಿದ್ರೆ ತಿಂದೆ ಅನ್ಬೇಕಪ್ಪ."

ಆಗ ನನಗೆ ಅರ್ಥವಾಯಿತು, ಅವಳು ತಾತನಿಗೆ ಏನೂ ಹೇಳಿರಲಿಲ್ಲ ಎಂದು. ಅವಳು ಮುಚ್ಚಿಟ್ಟದ್ದು ಮೊಟ್ಟೆಯನ್ನಲ್ಲ, ರಕ್ತ ಕಡಿಮೆ ಎಂಬುದನ್ನು. ನಾನು ಹೇಳಿದೆ. ತಪಾಸಣೆ, ಡಾಕ್ಟರಮ್ಮನ ಮಾತು, ಓಟ, ಎಲ್ಲ. ಆತನ ಕೈಯಲ್ಲಿ ಹಗ್ಗ ನಿಂತಿತು. ಆಮೇಲೆ ಮನೆಯ ಕಡೆ ತಿರುಗಿ ಕರೆದ. ಹುಡುಗಿ ಬಾಗಿಲಿಗೆ ಬಂದು, ಕಂಬಳಿ ಹೊದ್ದು ಕುಳಿತ ನನ್ನನ್ನು ನೋಡಿದಳು. ಎರಡನೆಯ ಸಲವೂ ಮೋಸ ಮಾಡಿದೆಯಲ್ಲ ಎಂಬಂತಿತ್ತು ಆ ನೋಟ. ನಾನು ಕಂಬಳಿಯೊಳಗೆ ಇನ್ನಷ್ಟು ಸರಿದೆ.

"ರಕ್ತ ಕಡ್ಮೆ ಐತಂತೆ?"

ಅವಳು ತಲೆಯಾಡಿಸಿದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓಡಬ್ಯಾಡ ಅಂತಿದ್ದೆ."

"ಅಂತಿದ್ದೆ," ಎಂದ ತಾತ. "ಮೈಯಾಗೆ ರಕ್ತ ಇಲ್ದೋಳಿಗೆ ಓಡು ಅಂತಾರೇನು? ಹಿಂಡಿನಾಗೆ ಎಷ್ಟು ಕುರಿ ಐದಾವೆ. ಈಲಿ ತಿಂದ್ರೆ ರಕ್ತ ಆಗಲ್ವಾ? ಕೇಳಿದ್ರೆ ಕೊಯ್ತಿರ್ಲಿಲ್ವಾ ನಾನು? ಅದು ಬಿಟ್ಟು, ಈ ಚಳ್ಯಾಗೆ, ದಿನಾ, ತಣ್ಣೀರು..."

ಮೀಸೆ ಅಲುಗಿತು. ಕೆಮ್ಮಲು ನೋಡಿದ, ಕೆಮ್ಮು ಬರಲಿಲ್ಲ. ಅಳುವುದನ್ನು ಮೊಮ್ಮಗಳು ನೋಡಬಾರದೆಂದು ಆತ ನನ್ನ ಕಡೆ ತಿರುಗಿದ. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು, ಕಂಬಳಿ ಸಮೇತ ನಾನಿದ್ದೆ.

"ನೀವೆಂಥಾ ಆರೋಗ್ಯದ ಮೇಷ್ಟ್ರು ರೀ? ರಕ್ತ ಇಲ್ಲದ ಕೂಸು ಸಂಜೆ ಗಾಳ್ಯಾಗೆ ತಣ್ಣೀರು ಹುಯ್ಕಂತಿದ್ರೆ, ಬೈದು ಮನೆಗೆ ಕಳ್ಸೋದು ಬಿಟ್ಟು, ಸೋಪು ಕೊಟ್ರಾ?"

ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಅಧಿಕಾರಿಗಳು ಬಂದು ನನ್ನ ಪಾಠ ನೋಡಿ ಏನೇನೋ ಬರೆದುಕೊಂಡು ಹೋಗಿದ್ದಾರೆ. ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ. ನಾನು ಹೌದು ಯಜಮಾನ್ರೇ ಎಂದೆ. ಹುಡುಗಿ ಮಾತ್ರ ಆ ಹೊತ್ತಿನಲ್ಲಿ ಕಿಸಕ್ಕನೆ ನಕ್ಕಳು. ತಾತನೂ ಮೂಗು ಒರೆಸಿಕೊಳ್ಳುವ ನೆವದಲ್ಲಿ ನಕ್ಕ. ನನಗೆ ನಗು ಬರಲಿಲ್ಲ, ಹಲ್ಲು ಇನ್ನೂ ಕಟಕಟಿಸುತ್ತಿತ್ತು.

ಮಾರನೆಯ ದಿನ ಅವಳು ಶಾಲೆಗೆ ಬಂದಳು. ಹೇಳಿದ ದಿನಕ್ಕೆ ಡಾಕ್ಟರಮ್ಮನೂ ಬಂದರು. ಬೆರಳು ಚುಚ್ಚಿ ನೋಡಿ, ಸ್ವಲ್ಪ ಏರಿದೆ, ಸಾಲದು ಎಂದರು. ಇಷ್ಟು ಬೇಗ ರಕ್ತ ಏರುವುದಿಲ್ಲ ಎಂಬುದು ವಿಜ್ಞಾನದ ಮೇಷ್ಟ್ರಾದ ನನಗೆ ಗೊತ್ತಿತ್ತು, ಆದರೂ ಅವಳ ಜೊತೆ ಸೇರಿ ನಾನೂ ಆಸೆಪಟ್ಟಿದ್ದೆ. ಮೊಳಕಾಲ್ಮೂರಿಗೆ ನಾವು ಹೋಗಲಿಲ್ಲ. ಕೂಟದ ದಿನ ಅವಳು ಕಿಟಕಿಯ ಪಕ್ಕ ಕುಳಿತು, ಯಾರಿಗೂ ಕಾಣದಂತೆ ಪುಸ್ತಕ ಎತ್ತಿ ಹಿಡಿದು ಅತ್ತಳು. ನಾನು ಕರಿಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಸಂಜೆ ಅವಳೇ ಬಂದು, ಹೈಸ್ಕೂಲಿನಲ್ಲಿ ಎಂಟುನೂರು ಮೀಟರ್ ಇರುತ್ತದಂತೆ, ಹೌದಾ ಎಂದು ಕೇಳಿದಳು. ಹೌದು ಎಂದೆ. ಇರದಿದ್ದರೂ ಹೌದು ಎನ್ನುತ್ತಿದ್ದೆ.

ಓಟವೇ ಕೈಬಿಟ್ಟ ಮೇಲೆ ಅವಳು ಬಾಳೆಹಣ್ಣಿನ ಸಾಲಿಗೆ ವಾಪಸಾಗುತ್ತಾಳೆ ಎಂದುಕೊಂಡಿದ್ದೆ. ಆ ವಾರ ಒಂದು ಮಧ್ಯಾಹ್ನ ನೋಡಿದರೆ, ತಟ್ಟೆ ಹಿಡಿದುಕೊಂಡು ಊರಿನ ಮಕ್ಕಳ ಸಾಲಿನಲ್ಲಿ ಎಲ್ಲರೆದುರಿಗೇ ನಿಂತಿದ್ದಳು. ಅಡುಗೆಯಮ್ಮ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಮೊಟ್ಟೆ ತಟ್ಟೆಗೆ ಬಿತ್ತು. ಅವಳು ಕಟ್ಟೆಯ ಮೇಲೆ ಕುಳಿತು, ಸಿಪ್ಪೆ ಸುಲಿದು, ಉಪ್ಪು ಉದುರಿಸಿಕೊಂಡು ನಿಧಾನವಾಗಿ ತಿಂದಳು.

ಶಾಲೆ ಬಿಟ್ಟಾಗ ಅವಳು ಬಕೆಟ್ಟಿನ ಕಡೆ ಹೋಗದೆ ನೇರ ಗೇಟಿಗೆ ಹೊರಟಳು. ನನಗೆ ಗಾಬರಿಯಾಯಿತು. ಮರೆತಿದ್ದಾಳೆ, ಹೀಗೇ ಹೋದರೆ ಮತ್ತೆ ರಂಪ. ಓಡಿಹೋಗಿ ತಡೆದೆ. ನಾನು ಓಡಿದ್ದು, ದಯವಿಟ್ಟು ಗಮನಿಸಬೇಕು.

"ನೀರು ಹುಯ್ಕೊಳ್ಳಲಿಲ್ಲವಲ್ಲಮ್ಮ?"

"ತಾತ ಕಾಯ್ಸಿರ್ತಾನೆ ಸಾರ್, ಬರ್ತೀನಿ" ಎಂದು ಹೇಳಿ ಅವಳು ಹಟ್ಟಿಯ ದಾರಿ ಹಿಡಿದಳು.

ನಂಬಿಕೆಯಾಗಲಿಲ್ಲ. ಬೈಕು ಹತ್ತಿ ಹಿಂದೆಯೇ ಹೋದೆ. ಹಟ್ಟಿಯ ಬೇಲಿಯ ಹೊರಗೆ, ಬಾಗಿಲಿನಿಂದ ಸ್ವಲ್ಪ ಈಚೆಗೆ, ಹೊಸದಾಗಿ ಹೂಡಿದ ಕಲ್ಲುಗಳ ಮೇಲೆ ಹಂಡೆ ಕೂತಿತ್ತು. ಹಬೆ ಏಳುತ್ತಿತ್ತು. ಪಕ್ಕದಲ್ಲಿ ಗಳ ನೆಟ್ಟು, ಕಂಬಳಿ ಕಟ್ಟಿ, ಮರೆ ಮಾಡಿತ್ತು. ಹಟ್ಟಿಯ ಪೂಜಾರಿ, ದೊಡ್ಡ ಮೀಸೆಯ ಯಜಮಾನ, ಮೊಣಕಾಲೂರಿ ಬಗ್ಗಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಒಲೆ ಊದುತ್ತಿದ್ದ. ಹುಡುಗಿ ಚೀಲವನ್ನು ಬೇಲಿಗೆ ತೂಗುಹಾಕಿ, ಬಿಂದಿಗೆಗೆ ಬಿಸಿನೀರು ತೋಡಿಕೊಂಡು ಮರೆಗೆ ಹೋದಳು. ಬೈಕಿನ ಸದ್ದಿಗೆ ಆತ ತಲೆ ಎತ್ತಿ, ನನ್ನ ಒಣ ಕೂದಲನ್ನು ನೋಡಿದ.

"ಏನ್ ಮೇಷ್ಟ್ರೇ, ನೀವೂ ಉಂಡೀರಾ? ಬರ್ರಿ, ಇನ್ನೊಂದು ಬಿಂದಿಗೆ ಐತೆ."